ಬಿಸಿಯಾದ್ಮೇಲೆ ಸಿಗ್ನಲ್‌ನಲ್ಲಿ ನಿಲ್ಲೋ ಹಳೇ 800, ಕೈಯಲ್ಲಿರೋದು 8,000: ಎಲ್ಲಿಂದ ಶುರು ಮಾಡೋದು?

ಗುತ್ತಲು ರಸ್ತೆ:
ಗಾಡಿ ಮಾರುತಿ 800, 1992ರ ಮಾಡೆಲ್. ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸೋದು), ಪ್ಲಾಟಿನಂ ಪಾಯಿಂಟ್ (ಕಾಯಿಲ್‌ನ ಕರೆಂಟ್ ಕತ್ತರಿಸೋ ಸ್ವಿಚ್) ಇರೋ ಡೆಲ್ಕೋ, ಅಂದ್ರೆ ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್. ಮಂಡ್ಯದಿಂದ ಮೈಸೂರು ಮುಟ್ಟೋವರೆಗೂ ಏನೂ ತೊಂದರೆ ಇಲ್ಲ. ಊರೊಳಗೆ ಬಂದು ಎರಡು ಮೂರು ಸಿಗ್ನಲ್ ಆಗೋಷ್ಟರಲ್ಲಿ ಎಂಜಿನ್ ಜಗ್ಗುತ್ತೆ, ಐಡ್ಲಿಂಗ್ ಬಿದ್ದು ನಿಂತೇ ಹೋಗುತ್ತೆ. ಸೆಲ್ಫ್ ಜೋರಾಗಿ ಹೊಡೆಯುತ್ತೆ, ಹತ್ತೋದಿಲ್ಲ. ಬಾನೆಟ್ ಎತ್ತಿ 20-25 ನಿಮಿಷ ಬಿಟ್ರೆ ಮತ್ತೆ ಹತ್ತುತ್ತೆ. ಟೆಂಪರೇಚರ್ ಮುಳ್ಳು ಅರ್ಧದಿಂದ ಸ್ವಲ್ಪ ಮೇಲೆ, ಕೆಂಪಿಗೆ ಹೋಗಲ್ಲ.

ಇಲ್ಲಿವರೆಗೆ ಬದಲಾಗಿರೋದು: ಮೂರು ಪ್ಲಗ್, ಬ್ಯಾಟರಿ, ಪೆಟ್ರೋಲ್ ಫಿಲ್ಟರ್, ಹೋದ ವರ್ಷ ಹೊಸ ಇಗ್ನಿಷನ್ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡೋದು). ಕಾರ್ಬ್ಯುರೇಟರ್ ಸರ್ವಿಸ್ ಎರಡು ಸಲ. ಈಗ ಒಬ್ಬರು ಪೆಟ್ರೋಲ್ ಪಂಪ್ ಅಂತಾರೆ, ಇನ್ನೊಬ್ಬರು ಕಾರ್ಬ್ಯುರೇಟರೇ ಬದಲಿಸಿ ಅಂತಾರೆ, ಮತ್ತೊಬ್ಬರು ಹೆಡ್ (ಎಂಜಿನ್‌ನ ಮೇಲ್ಭಾಗ) ಇಳಿಸಬೇಕು ಅಂತಾರೆ. ಮೂರೂ ಮಾಡಿಸೋಷ್ಟು ದುಡ್ಡಿಲ್ಲ, 8,000 ದಾಟೋ ಹಾಗಿಲ್ಲ. ಯಾವುದನ್ನ ಮೊದಲು ಮಾಡಿಸೋದು?

ಟೆಸ್ಟ್ ಲ್ಯಾಂಪ್:
ಯಾವುದನ್ನೂ ಮಾಡಿಸಬೇಡಿ ಸಾರ್, ಇನ್ನೊಂದು ಸಲ ಗಾಡಿ ನಿಲ್ಲೋವರೆಗೆ. ನಿಂತಾಗ ನಿಮ್ಮ ಕೈಯಲ್ಲಿ ಇರೋದು ಸುಮಾರು ಐದು ನಿಮಿಷ. ಅಷ್ಟರೊಳಗೆ ನೋಡಿದ್ರೆ ಮಾತ್ರ ಕಾರಣ ಸಿಗುತ್ತೆ, ತಣ್ಣಗಾದ ಮೇಲೆ ಗ್ಯಾರೇಜಿನಲ್ಲಿ ಎಲ್ಲವೂ ಸರಿಯಾಗೇ ಇರುತ್ತೆ. ನಿಮ್ಮ ದುಡ್ಡು ಇಷ್ಟು ದಿನ ಹೋಗಿರೋದೂ ಇದೇ ಕಾರಣಕ್ಕೆ.

ಗಾಡಿಯಲ್ಲಿ ಇಟ್ಕೊಳ್ಳಿ: ಒಂದು ಹಳೇ ಪ್ಲಗ್, ಒಂದು ಮೀಟರ್ ವೈರು ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್, ಎರಡು ಬಟ್ಟೆ, ಎರಡು ಲೀಟರ್ ತಣ್ಣೀರು, ಸಾದಾ ಮಲ್ಟಿಮೀಟರ್, 10 ಮತ್ತು 12ರ ಸ್ಪ್ಯಾನರ್.

ನಿಂತ ತಕ್ಷಣ ಗಾಡೀನ ಪಕ್ಕಕ್ಕೆ ಹಾಕಿ, ಕೀ ಆಫ್ ಮಾಡಿ. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ಕಿವಿ ಕೊಡಿ. ಗಾಳಿ ಒಳಕ್ಕೆ ಜೋರಾಗಿ ಎಳ್ಕೊಂಡ್ರೆ ಮುಚ್ಚಳದ ಗಾಳಿಕಿಂಡಿ ಕಟ್ಟಿದೆ, ಪಂಪ್ ಪೆಟ್ರೋಲ್ ಎಳೆಯೋಕೆ ಆಗ್ತಿಲ್ಲ ಅಂತ.

ಆಮೇಲೆ ಏರ್ ಕ್ಲೀನರ್ ಮುಚ್ಚಳ ತೆಗೆದು ಕಾರ್ಬ್ಯುರೇಟರ್ ಬಾಯಿ ನೋಡಿ. ಎಂಜಿನ್ ನಿಂತಿರುವಾಗಲೇ ಆಕ್ಸಲರೇಟರ್ ಕೇಬಲ್ ಹಿಡಿಯೋ ಲಿವರ್‌ನ ಕೈಯಲ್ಲಿ ಜಗ್ಗಿ. ಒಳಗೆ ಪಿಚಕಾರಿ ಥರ ಸಣ್ಣ ಧಾರೆ ಹಾರಬೇಕು. ಹಾರಿದ್ರೆ ಫ್ಲೋಟ್ ಚೇಂಬರ್‌ನಲ್ಲಿ (ಕಾರ್ಬ್ಯುರೇಟರ್‌ನ ಪುಟ್ಟ ಪೆಟ್ರೋಲ್ ತೊಟ್ಟಿ) ಪೆಟ್ರೋಲ್ ಇದೆ, ಪಂಪ್ ಮೇಲೆ ಅನುಮಾನ ಬಿಡಿ. ಹಾರದಿದ್ರೆ ಪೆಟ್ರೋಲ್ ಬರ್ತಿಲ್ಲ.

ಮೂರನೇದು ಸ್ಪಾರ್ಕ್. ಡೆಲ್ಕೋ ನಡುವಿನ ದಪ್ಪ ವೈರನ್ನ ಕ್ಯಾಪ್‌ನಿಂದ ಕಿತ್ತು ಹಳೇ ಪ್ಲಗ್‌ಗೆ ಹಾಕಿ. ಪ್ಲಗ್ಗಿನ ಮೈಯನ್ನ ಕ್ಲಿಪ್ ವೈರಿನಿಂದ ಎಂಜಿನ್ ಅರ್ತ್‌ಗೆ ಕಟ್ಟಿ, ಕಾರ್ಬ್ಯುರೇಟರ್‌ನಿಂದ ದೂರ ಇಡಿ. ಏರ್ ಕ್ಲೀನರ್ ಮುಚ್ಚಳ ಮತ್ತೆ ಹಾಕಿಬಿಡಿ, ಪೆಟ್ರೋಲ್ ಆವಿ ಇರುತ್ತೆ. ಇನ್ನೊಬ್ಬರು ಸೆಲ್ಫ್ ಹೊಡೀಲಿ. ನೀಲಿ ಬಣ್ಣದ ಚಟ್ ಚಟ್ ಅನ್ನೋ ಕಿಡಿ ಬಂದ್ರೆ ಒಳ್ಳೇದು. ಕಿತ್ತಳೆ ಬಣ್ಣದ ಬಡಕಲು ಕಿಡಿ ಬಂದ್ರೆ, ಇಲ್ಲ ಕಿಡಿಯೇ ಬರದಿದ್ರೆ, ತೊಂದರೆ ಕಾಯಿಲ್, ಕಂಡೆನ್ಸರ್ (ಪಾಯಿಂಟ್ ಸುಡದ ಹಾಗೆ ಕಾಯೋದು), ಪಾಯಿಂಟ್ ಈ ಮೂರರಲ್ಲಿ ಒಂದು.

ಕೊನೇದಾಗಿ ಒದ್ದೆ ಬಟ್ಟೆ. ಮೊದಲು ಪೆಟ್ರೋಲ್ ಪಂಪ್ ಮೇಲೆ ಹಾಕಿ, ಎರಡು ನಿಮಿಷ ಬಿಟ್ಟು ಸೆಲ್ಫ್ ಹೊಡೀರಿ. ಹತ್ತದಿದ್ರೆ ಅದನ್ನ ತೆಗೆದು ಕಾಯಿಲ್‌ನ ಹೊಟ್ಟೆಗೆ ಸುತ್ತಿ, ಮೇಲಿನ ಟರ್ಮಿನಲ್‌ಗೆ ನೀರು ತಾಗದ ಹಾಗೆ. ಎರಡಕ್ಕೂ ಒಟ್ಟಿಗೆ ಹಾಕಬೇಡಿ, ಹಾಕಿದ್ರೆ ಯಾವುದರಿಂದ ಹತ್ತಿತು ಅಂತ ಗೊತ್ತಾಗಲ್ಲ.

ಪಶ್ಚಿಮವಾಹಿನಿ:
ಲಕ್ಷಣ ನೋಡಿದ್ರೆ ವೇಪರ್ ಲಾಕ್, ಅಂದ್ರೆ ಪೆಟ್ರೋಲ್ ದಾರೀಲೇ ಆವಿಯಾಗಿ ಹರಿವು ಕಟ್ಟೋದು ಅನ್ಸುತ್ತೆ. ಈ ಗಾಡಿಯ ಪಂಪ್ ಮೆಕ್ಯಾನಿಕಲ್, ಹೆಡ್‌ಗೇ ಬೋಲ್ಟ್ ಆಗಿರುತ್ತೆ, ಕ್ಯಾಮ್‌ಶಾಫ್ಟ್‌ನಿಂದ ಓಡುತ್ತೆ. ಹೈವೇಲಿ ಗಾಳಿ ಹೊಡೀತಿರುತ್ತೆ, ಸಿಗ್ನಲ್‌ನಲ್ಲಿ ನಿಂತಾಗ ಹೆಡ್ಡಿನ ಶಾಖ ಪೂರ್ತಿ ಪಂಪಿಗೆ ಏರುತ್ತೆ. ಈಗ ಬಂಕಿನಲ್ಲಿ ಸಿಗೋದು ಇ20, ಅಂದ್ರೆ 20 ಭಾಗ ಎಥನಾಲ್. ಎಥನಾಲ್ 78 ಡಿಗ್ರಿಗೇ ಕುದಿಯುತ್ತೆ. ಪೈಪಿನಲ್ಲಿ ಆವಿ ತುಂಬಿದ್ರೆ ಪಂಪ್ ಬರೀ ಆವೀನ ಹಿಂಡುತ್ತೆ.

ಪಂಪ್ ಮತ್ತು ಹೆಡ್ ನಡುವೆ ದಪ್ಪ ಇನ್ಸುಲೇಟರ್ ತುಂಡು ಇರಬೇಕು. ಪಂಪ್ ಬದಲಿಸಿದಾಗ ಅದನ್ನ ಬಿಟ್ಟು ಬರೀ ಪೇಪರ್ ಗ್ಯಾಸ್ಕೆಟ್ ಹಾಕಿರೋ ಗಾಡಿಗಳು ಬೇಕಾದಷ್ಟಿವೆ. ಇನ್ನೊಂದು, ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಪೈಪ್ ಮಡಚಿದೆಯಾ, ಕಟ್ಟಿದೆಯಾ ನೋಡಿ. ಆವಿ ಆಚೆ ಹೋಗೋ ದಾರಿ ಅದೊಂದೇ.

ಟೆಸ್ಟ್ ಲ್ಯಾಂಪ್:
ನೀವು ಹೇಳಿದ್ದು ಪೂರ್ತಿ ಸಾಧ್ಯ. ಅದಕ್ಕೇ ಪಿಚಕಾರಿ ಧಾರೆ ನೋಡಿ ಅಂದದ್ದು. ವೇಪರ್ ಲಾಕ್ ಆಗಿದ್ರೆ ಚೇಂಬರ್ ಖಾಲಿ ಆಗಿಯೇ ಎಂಜಿನ್ ನಿಲ್ಲೋದು, ಧಾರೆ ಬರಲ್ಲ. ಧಾರೆ ಬಂದೂ ಹತ್ತದಿದ್ರೆ ಇ20 ಮೇಲೆ ದೂರು ಹಾಕೋಕಾಗಲ್ಲ.

ಹೆಬ್ಬಾಳ ಲೇತ್:
ಹೆಡ್ ಇಳಿಸೋ ಮಾತು ಬಂದಿದ್ದಕ್ಕೆ ಬರೀತಿದ್ದೀನಿ. ಹೆಡ್ ಇಳಿಸಿದ್ರೆ ಗ್ಯಾಸ್ಕೆಟ್ ಸೆಟ್, ಫೇಸಿಂಗ್, ವಾಲ್ವ್ ಲ್ಯಾಪಿಂಗ್, ಆಯಿಲ್, ಕೂಲಂಟ್, ಲೇಬರ್ ಎಲ್ಲ ಸೇರಿ ನಿಮ್ಮ 8,000 ಅಲ್ಲೇ ಮುಗಿಯುತ್ತೆ. ಮೊದಲು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ, ಅರ್ಧ ಗಂಟೆ ಕೆಲಸ. ಎಂಜಿನ್ ಬಿಸಿ ಇರಬೇಕು, ಮೂರೂ ಪ್ಲಗ್ ಬಿಚ್ಚಿರಬೇಕು, ಕಾಯಿಲ್‌ನ ಸಣ್ಣ ವೈರ್ ಕಳಚಿರಬೇಕು, ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದಿರಬೇಕು. ಆಕ್ಸಲರೇಟರ್ ಒತ್ತದೇ ತೆಗೆದ ಕಂಪ್ರೆಷನ್ ಲೆಕ್ಕಕ್ಕಿಲ್ಲ, ಗಾಳಿಯೇ ಒಳಗೆ ಹೋಗಿರಲ್ಲ. ಮೂರು ಸಿಲಿಂಡರಿನ ನಡುವೆ ಒಂದು ಕೆಜಿಗಿಂತ (ಸುಮಾರು 14 ಪಿಎಸ್‌ಐ) ಜಾಸ್ತಿ ವ್ಯತ್ಯಾಸ ಇರಬಾರದು. ಒಂದು ಸಿಲಿಂಡರ್ ಕಮ್ಮಿ ಬಂದ್ರೆ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದ್ರೆ ರಿಂಗ್ ಸವೆದಿದೆ, ಏರದಿದ್ರೆ ವಾಲ್ವ್ ಇಲ್ಲ ಗ್ಯಾಸ್ಕೆಟ್. ಗ್ಯಾಸ್ಕೆಟ್ ಹೋಗಿದ್ರೆ ತಣ್ಣಗಾದ 20 ನಿಮಿಷಕ್ಕೆ ಗಾಡಿ ಇಷ್ಟು ಚೆನ್ನಾಗಿ ಹತ್ತಲ್ಲ, ನೀರು ಕಮ್ಮಿ ಆಗ್ತಾ ಬರುತ್ತೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳೀ ಹೊಗೆ ಬರುತ್ತೆ. ಅದ್ಯಾವುದೂ ನೀವು ಬರೆದಿಲ್ಲ.

ಆದ್ರೆ ಮುಳ್ಳು ಅರ್ಧ ದಾಟುತ್ತೆ ಅಂದಿದ್ದೀರಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕ್ತಿದ್ರೆ ಅದೇ ಕಾರಣ ಇರಬಹುದು. ನಮ್ಮ ಕಡೆ ಬೋರ್ ನೀರು ಗಡಸು. ಪಾತ್ರೆ ತಳದಲ್ಲಿ ಕೂರೋ ಬಿಳೀ ಪೊರೆ ರೇಡಿಯೇಟರ್ ಟ್ಯೂಬಿನಲ್ಲೂ ಕೂರುತ್ತೆ. ತಣ್ಣಗಿರುವಾಗ ನೀರು ಇಳಿಸಿ, ಎಷ್ಟು ಬಂತು ಅಂತ ಅಳೆದಿಟ್ಕೊಳ್ಳಿ. ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ, ದಿನಸಿ ಅಂಗಡೀಲಿ ನಿಂಬೆ ಉಪ್ಪು ಅಂತ ಸಿಗೋದು, ಬಿಸಿ ನೀರಲ್ಲಿ ಕರಗಿಸಿ ತುಂಬಿ. ಹೀಟರ್ ಇದ್ರೆ ಫುಲ್ ಬಿಸಿಗೆ ತಿರುಗಿಸಿ, ಫ್ಯಾನ್ ಓಡೋವರೆಗೆ ಬಿಸಿ ಮಾಡಿ, 20 ನಿಮಿಷ ಐಡ್ಲಿಂಗ್ ಬಿಡಿ. ಆರಿದ ಮೇಲೆ ಇಳಿಸಿ, ತಿಳಿ ನೀರು ಬರೋವರೆಗೆ ಎರಡು ಮೂರು ಸಲ ತೊಳೀರಿ. ರಾತ್ರಿಯೆಲ್ಲ ಬಿಡಬೇಡಿ, ಹೆಡ್ ಅಲ್ಯೂಮಿನಿಯಂ, ಆಸಿಡ್ ತಿನ್ನುತ್ತೆ. ಕೊನೆಗೆ ಡಿಸ್ಟಿಲ್ಡ್ ವಾಟರ್ ಜೊತೆ ಕೂಲಂಟ್ ಡಬ್ಬದ ಮೇಲಿರೋ ಅಳತೆಗೆ ಬೆರೆಸಿ ಹಾಕಿ.

ರೇಡಿಯೇಟರ್ ಮುಚ್ಚಳದ ರಬ್ಬರ್ ಸೀಳಿದ್ರೆ ಮುಚ್ಚಳ ಬದಲಿಸಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ನೀರು 97-98 ಡಿಗ್ರಿಗೇ ಕುದಿಯುತ್ತೆ. ಮುಚ್ಚಳ ಒತ್ತಡ ಹಿಡಿದ್ರೆ ಮಾತ್ರ ಅದರ ಮೇಲೆ ಇನ್ನೊಂದು 20 ಡಿಗ್ರಿ ತಡ್ಕೊಳ್ಳುತ್ತೆ.

ಕುವೆಂಪುನಗರ ಎರಡನೇ ಹಂತ:
ಇದೇ ತೊಂದರೆ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರೋ) 800ರಲ್ಲಿ ಬಂದ್ರೂ ಇದೇ ಟೆಸ್ಟಾ?

ಟೆಸ್ಟ್ ಲ್ಯಾಂಪ್:
ಅಲ್ಲ. ಅದರಲ್ಲಿ ಪಂಪ್ ಟ್ಯಾಂಕಿನೊಳಗೆ, ಪ್ಲಾಟಿನಂ ಇಲ್ಲ. ಕೀ ಆನ್ ಮಾಡಿದಾಗ ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನುತ್ತಾ ಕೇಳಿ, ಚೆಕ್ ಎಂಜಿನ್ ಲೈಟ್ ನೋಡಿ. ಅದಕ್ಕೆ ಬೇರೆ ಚರ್ಚೆ ತೆಗೀರಿ ಸಾರ್, ಎರಡೂ ಬೆರೆತ್ರೆ ಓದೋರಿಗೆ ಗೊಂದಲ.

ಗುತ್ತಲು ರಸ್ತೆ:
ನೋಡಿದ್ದಾಯ್ತು. ಮುಚ್ಚಳದಲ್ಲಿ ಗಾಳಿ ಎಳೀಲಿಲ್ಲ. ಪಿಚಕಾರಿ ಧಾರೆ ಚೆನ್ನಾಗಿ ಬಂತು. ಕಿಡಿ ಕಿತ್ತಳೆ ಬಣ್ಣ, ಬಿಟ್ಟು ಬಿಟ್ಟು ಬರ್ತಿತ್ತು. ಪಂಪಿಗೆ ಒದ್ದೆ ಬಟ್ಟೆ ಹಾಕಿದ್ರೆ ಹತ್ತಲಿಲ್ಲ. ಕಾಯಿಲ್‌ಗೆ ಸುತ್ತಿದ್ಮೇಲೆ ಮೂರು ನಿಮಿಷಕ್ಕೆ ಹತ್ತಿತು. ಕಾಯಿಲ್ ಮೇಲೆ ಕೈ ಇಡೋಕಾಗದಷ್ಟು ಸುಡ್ತಿತ್ತು. ಆದ್ರೆ ಅದು ಹೊಸಾ ಕಾಯಿಲ್ ಅಲ್ವಾ, ವರ್ಷ ಕೂಡ ತುಂಬಿಲ್ಲ.

ಟೆಸ್ಟ್ ಲ್ಯಾಂಪ್:
ಹೊಸದು ಅಂತ ಬಿಡೋಕಾಗಲ್ಲ. ಹೊಸದು ಈ ಗಾಡಿಗೆ ಹೊಂದೋದಾ ಅನ್ನೋದೇ ಪ್ರಶ್ನೆ. ಈ ಮೂರು ನೋಡಿ ಬರೀರಿ.

ಒಂದು: ಕಾಯಿಲ್ ತಣ್ಣಗಿರುವಾಗ ಎರಡೂ ಸಣ್ಣ ವೈರ್ ಕಳಚಿ, ಪ್ಲಸ್ ಮೈನಸ್ ನಡುವೆ ಓಮ್ಸ್ ಅಳೀರಿ. ಅದಕ್ಕೂ ಮುಂಚೆ ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತೆ ಬರ್ಕೊಳ್ಳಿ. ಕಡಿಮೆ ಬೆಲೆಯ ಮೀಟರ್‌ನಲ್ಲಿ ಅದೇ 0.3, 0.4 ಇರುತ್ತೆ, ಕಳೀಬೇಕು.

ಎರಡು: ಕಾಯಿಲ್ ಮೈಮೇಲೆ ಏನು ಅಚ್ಚಾಗಿದೆ ಓದಿ. ಹೊರಗಡೆ ರೆಸಿಸ್ಟರ್ ಹಾಕಿ ಬಳಸಿ ಅಂತ ಕೆಲವದರ ಮೇಲೆ ಇರುತ್ತೆ.

ಮೂರು: ವೈರ್ ವಾಪಸ್ ಹಾಕಿ, ಪಾಯಿಂಟ್ ಮುಚ್ಚಿಕೊಂಡಿರೋ ಹಾಗೆ ಎಂಜಿನ್ ತಿರುಗಿಸಿ ನಿಲ್ಲಿಸಿ. ಕೀ ಆನ್ ಮಾಡಿ ಕಾಯಿಲ್ ಪ್ಲಸ್‌ನಲ್ಲಿ ವೋಲ್ಟೇಜ್ ನೋಡಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಕೀ ಆನ್ ಬಿಡಬೇಡಿ. 6ರಿಂದ 8 ವೋಲ್ಟ್ ಬಂದ್ರೆ ದಾರೀಲಿ ರೆಸಿಸ್ಟರ್ ಇದೆ, ಬ್ಯಾಟರಿ ವೋಲ್ಟೇಜೇ ಬಂದ್ರೆ ಇಲ್ಲ.

ಗುತ್ತಲು ರಸ್ತೆ:
ಕಡ್ಡಿ ತಾಗಿಸಿದ್ರೆ 0.3, ಕಾಯಿಲ್ 1.9. ಅಂದ್ರೆ 1.6. ಪ್ಲಸ್‌ನಲ್ಲಿ 11.8 ವೋಲ್ಟ್. ಕಾಯಿಲ್ ಕೆಳಭಾಗದಲ್ಲಿ ಸಣ್ಣಕ್ಷರದಲ್ಲಿ ರೆಸಿಸ್ಟರ್ ಜೊತೆ ಬಳಸೋದು ಅಂತ ಇಂಗ್ಲಿಷ್‌ನಲ್ಲಿ ಇದೆ. ಸುತ್ತಮುತ್ತ ರೆಸಿಸ್ಟರ್ ಎಲ್ಲೂ ಕಾಣ್ತಿಲ್ಲ.

ಟೆಸ್ಟ್ ಲ್ಯಾಂಪ್:
ಸಿಕ್ತು. ಲೆಕ್ಕ ನೋಡಿ. ಎಂಜಿನ್ ಓಡುವಾಗ ಸಿಸ್ಟಮ್ 13.8 ವೋಲ್ಟ್ ಅಂತಿಟ್ಕೊಳ್ಳಿ. 1.6 ಓಮ್ಸ್ ನೇರ ಕೊಟ್ರೆ ಪಾಯಿಂಟ್ ಮುಚ್ಚಿದಾಗ ಎಂಟೂವರೆ ಆಂಪಿಯರ್ ಎಳೆಯುತ್ತೆ. ರೆಸಿಸ್ಟರ್ ಒಂದೂವರೆ ಓಮ್ಸ್ ಇದ್ದಿದ್ರೆ ನಾಲ್ಕೂವರೆ ಆಂಪಿಯರ್. ಶಾಖ ಕರೆಂಟಿನ ವರ್ಗದಷ್ಟು ಏರೋದ್ರಿಂದ ಕಾಯಿಲ್ ಒಳಗೆ ಸುಮಾರು ಮೂರೂವರೆ ಪಟ್ಟು ಶಾಖ ಹುಟ್ಟುತ್ತೆ. ಹೈವೇಲಿ ಗಾಳಿ ಅದನ್ನ ಹೊತ್ಕೊಂಡು ಹೋಗುತ್ತೆ, ಸಿಗ್ನಲ್‌ನಲ್ಲಿ ಗಾಳಿ ಇಲ್ಲ. ಬಿಸಿಯಾದ ಕಾಯಿಲ್ ಒಳಗಿನ ಇನ್ಸುಲೇಷನ್ ಸೋರೋಕೆ ಶುರುವಾಗಿ ಕಿಡಿ ಸಾಯುತ್ತೆ. ಪ್ಲಗ್, ಫಿಲ್ಟರ್, ಕಾರ್ಬ್ಯುರೇಟರ್ ಎಷ್ಟು ಸಲ ಮಾಡಿಸಿದ್ರೂ ಇದು ಹೋಗ್ತಿರಲಿಲ್ಲ.

ದಾರಿ ಎರಡು. ಇರೋ ಕಾಯಿಲ್‌ಗೇ ಒಂದೂವರೆ ಓಮ್ಸ್ ಸೆರಾಮಿಕ್ ಬ್ಯಾಲಸ್ಟ್ (ಆ ಹೊರಗಿನ ರೆಸಿಸ್ಟರ್) ಹಾಕಬಹುದು. ಆದ್ರೆ ಸೆಲ್ಫ್ ಹೊಡೆಯುವಾಗ ಅದನ್ನ ದಾಟಿಸೋ ಬೈಪಾಸ್ ವೈರ್ ಇಲ್ಲದಿದ್ರೆ ಚಳಿಗಾಲದ ಬೆಳಗ್ಗೆ ಹತ್ತೋದು ಕಷ್ಟ. ಅದಕ್ಕಿಂತ 3 ಓಮ್ಸ್ ಕಾಯಿಲ್, ಅಂದ್ರೆ ರೆಸಿಸ್ಟರ್ ಬೇಡದ ಪ್ಲಾಟಿನಂ ಗಾಡಿಯ ಕಾಯಿಲ್ ಹಾಕೋದೇ ಸುಲಭ. ಅಂಗಡಿಗೆ ಮೀಟರ್ ತಗೊಂಡು ಹೋಗಿ, ಕೌಂಟರ್ ಮೇಲೇ ಅಳೆದು ತನ್ನಿ. 800 ಕಾಯಿಲ್ ಕೊಡಿ ಅಂದ್ರೆ ಎಲೆಕ್ಟ್ರಾನಿಕ್ ಮಾಡೆಲ್‌ದೂ ಕೊಡ್ತಾರೆ. ಈಗಿರೋದನ್ನ ಮತ್ತೆ ಬಳಸಬೇಡಿ, ಇಷ್ಟು ದಿನ ಬೆಂದಿದೆ.

ಜೊತೆಗೆ ಪಾಯಿಂಟ್ ಮತ್ತು ಕಂಡೆನ್ಸರ್ ಎರಡನ್ನೂ ಬದಲಿಸಿ, ಎಂಟು ಆಂಪಿಯರಿಗೆ ಪಾಯಿಂಟ್ ಸುಟ್ಟಿರುತ್ತೆ. ಹಳೇದನ್ನ ಬಿಚ್ಚಿ ನೋಡಿ, ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬ್ಬಿ ಎದ್ದಿರುತ್ತೆ. ಹೊಸದನ್ನ ಹಾಕುವಾಗ ಡೆಲ್ಕೋ ಕ್ಯಾಮಿನ ಏಣು ಪಾಯಿಂಟಿನ ಹಿಮ್ಮಡೀನ ಪೂರ್ತಿ ಎತ್ತಿರೋ ಜಾಗಕ್ಕೆ ಎಂಜಿನ್ ತಿರುಗಿಸಿ, ಫೀಲರ್ ಗೇಜಿನಲ್ಲಿ 0.45 ಮಿಮೀ ಇಡಿ. ಹಿಮ್ಮಡಿಗೆ ಬೆಂಕಿಕಡ್ಡಿ ತಲೆಯಷ್ಟು ಗ್ರೀಸ್, ಅದಕ್ಕಿಂತ ಜಾಸ್ತಿ ಬೇಡ, ಹಾರಿ ಪಾಯಿಂಟಿಗೆ ಮೆತ್ಕೊಳ್ಳುತ್ತೆ. ಗ್ಯಾಪ್ ಬದಲಾದ್ರೆ ಟೈಮಿಂಗೂ ಬದಲಾಗುತ್ತೆ, ಆದ್ದರಿಂದ ಗ್ಯಾಪ್ ಮೊದಲು, ಟೈಮಿಂಗ್ ಲೈಟ್ ಆಮೇಲೆ. ಪ್ಲಗ್ ವೈರ್ ಕೀಳೋ ಮುಂಚೆ ಗುರುತು ಹಾಕಿ, ಫೈರಿಂಗ್ ಆರ್ಡರ್ 1-3-2.

ಡೆಲ್ಕೋ ಶಾಫ್ಟ್‌ನ ಬೆರಳಲ್ಲಿ ಅಡ್ಡಡ್ಡ ಅಲ್ಲಾಡಿಸಿ ನೋಡಿ. ಆಟ ಇದ್ರೆ ಮೂರು ಏಣಿನಲ್ಲೂ ಗ್ಯಾಪ್ ಬೇರೆ ಬೇರೆ ಬರುತ್ತೆ, ಎಷ್ಟು ಸೆಟ್ ಮಾಡಿದ್ರೂ ನಿಲ್ಲಲ್ಲ. ಆಗ ಲೇತ್‌ನಲ್ಲಿ ಬುಷ್ ಹಾಕಿಸಬೇಕು.

ಹೆಬ್ಬಾಳ ಲೇತ್:
ಬುಷ್ ಹಾಕಿಸೋದಾದ್ರೆ ಕಂಚಿಂದು ಹಾಕಿಸಿ, ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ. ಇಲ್ಲ ಗುಜರಿಯಿಂದ ಇನ್ನೊಂದು ಡೆಲ್ಕೋ ಬಾಡಿ ತಂದ್ರೂ ಆಗುತ್ತೆ, ಅಲ್ಲೇ ಅಲ್ಲಾಡಿಸಿ ನೋಡಿ ತನ್ನಿ.

ಪಶ್ಚಿಮವಾಹಿನಿ:
ಕಾಯಿಲ್ ಅಂತ ಗೊತ್ತಾಗಿದ್ದು ಒಳ್ಳೇದಾಯ್ತು, ವೇಪರ್ ಲಾಕ್ ಅಂದಿದ್ದು ತಪ್ಪಾಯ್ತು. ಆದ್ರೂ ಉಳಿಯೋ ದುಡ್ಡಲ್ಲಿ ಪೆಟ್ರೋಲ್ ಪೈಪ್ ಬದಲಿಸಲೇಬೇಕು, ಇದನ್ನ ಮುಂದಕ್ಕೆ ಹಾಕಬೇಡಿ. 1992ರಲ್ಲಿ ಆ ರಬ್ಬರ್ ಎಥನಾಲ್‌ಗೆ ಅಂತ ಮಾಡಿದ್ದಲ್ಲ. ಬಾಗಿಸಿದಾಗ ಬಿರುಕು ಕಂಡ್ರೆ, ಇಲ್ಲ ಹಿಂಡಿದಾಗ ಮೆತ್ತಗೆ ಉಬ್ಬಿದ್ರೆ ಅದು ಮುಗಿದಿದೆ. ಅದರ ಕೆಳಗೆ ಇರೋದು ಸುಡೋ ಎಂಜಿನ್. ಹಳೇ ತುಂಡನ್ನ ಅಂಗಡಿಗೆ ಒಯ್ದು ಅದೇ ಒಳ ಅಳತೆ ಕೇಳಿ, ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಿರೋದು ತಗೊಳ್ಳಿ. ಮೀಟರ್ ಲೆಕ್ಕದಲ್ಲಿ ಸಿಗೋ ಪಾರದರ್ಶಕ ಪೈಪ್ ಬೇಡ, ಕೆಲವು ತಿಂಗಳಿಗೆ ಗಟ್ಟಿಯಾಗಿ ಕ್ಲಿಪ್ ಹತ್ರ ಸೀಳುತ್ತೆ.

ಪಂಪಿನ ಡಯಾಫ್ರಾಮ್ ಕೂಡ ರಬ್ಬರೇ. ಡಿಪ್‌ಸ್ಟಿಕ್ ತೆಗೆದು ಮೂಸಿ. ಎಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದ್ರೆ, ಹಾಕಿದ್ದಕ್ಕಿಂತ ಮಟ್ಟ ಏರಿದ್ರೆ, ಡಯಾಫ್ರಾಮ್ ಹರಿದು ಪೆಟ್ರೋಲ್ ಆಯಿಲ್‌ಗೆ ಇಳೀತಿದೆ. ಅಂಥ ಗಾಡಿ ಓಡಿಸಬಾರದು, ಬೇರಿಂಗ್ ಹೋಗುತ್ತೆ.

ಇನ್ನೊಂದು: ವಾರಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ. ಎಥನಾಲ್ ಗಾಳಿಯ ತೇವ ಹೀರುತ್ತೆ, ನೀರು ಜಾಸ್ತಿಯಾದ್ರೆ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಟ್ಯಾಂಕಿನ ತುಕ್ಕು ಅಲ್ಲಿಂದ ಶುರು.

ಚಾಮುಂಡಿಪುರಂ:
ಬ್ರೇಕಿನ ಮಾತು ಯಾರೂ ಎತ್ತಲಿಲ್ಲ. ಸಿಗ್ನಲ್‌ನಲ್ಲಿ ನಿಂತ ಗಾಡಿಯಿಂದ ತೊಂದರೆ ಆಗೋದು ಸಮಯಕ್ಕೆ, ನಿಲ್ಲದ ಗಾಡಿಯಿಂದ ಜೀವಕ್ಕೆ. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಪೂರ್ತಿ ಬದಲಿಸಿ, ಡಾಟ್ 3 ಸಾಕು, ಸೀಲ್ ಬಿಚ್ಚಿಟ್ಟಿದ್ದ ಹಳೇ ಡಬ್ಬ ಬೇಡ. ಹಿಂದಿನ ಎರಡೂ ಡ್ರಮ್ ತೆಗೆದು ವೀಲ್ ಸಿಲಿಂಡರ್ ರಬ್ಬರ್ ಬೂಟ್ ಎತ್ತಿ ನೋಡಿ, ಒಳಗೆ ತೇವ ಇದ್ರೆ ಸೋರ್ತಿದೆ ಅಂತಲೇ. ಪೆಡಲ್ ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗೆ ಇಳಿದು, ಹೊರಗೆಲ್ಲೂ ಸೋರಿಕೆ ಕಾಣದಿದ್ರೆ ಮಾಸ್ಟರ್ ಸಿಲಿಂಡರ್ ಕಿಟ್ ಸವೆದಿದೆ. ಇವಕ್ಕೆ ಗುಜರಿ ಮಾಲು ಯಾವತ್ತೂ ಬೇಡ. ಗುಜರಿಯಿಂದ ಬಾಗಿಲು, ಗ್ಲಾಸು, ಸೆಲ್ಫ್ ಮೋಟರ್, ಡೈನಮೋ, ಕಾರ್ಬ್ಯುರೇಟರ್ ಬಾಡಿ ತರಬಹುದು. ರಬ್ಬರ್ ಇರೋದು, ಬ್ರೇಕಿಗೆ ಸೇರಿದ್ದು, ಸ್ಟೀರಿಂಗಿನ ಟೈ ರಾಡ್ ಎಂಡ್, ಇವು ಹೊಸವೇ ಆಗಬೇಕು.

ಇನ್ನು ಆರ್‌ಸಿ. 1992ರ ಗಾಡಿ, ಐದೈದು ವರ್ಷಕ್ಕೆ ನವೀಕರಣ ಆಗ್ತಾ ಬಂದಿದ್ರೆ ಮುಂದಿನದು 2027ಕ್ಕೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿಗೆ 5,000 ಇತ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ದಾರೆ. ತಡವಾದ್ರೆ ತಿಂಗಳಿಗೆ 500 ಸೇರುತ್ತೆ. ಅವಧಿ ಮುಗಿಯೋಕೆ ಮುಂಚಿನ 60 ದಿನದೊಳಗೆ ಫಾರಂ 25ರಲ್ಲಿ ಅರ್ಜಿ ಹಾಕಬೇಕು. ಈಗಿನಿಂದಲೇ ತಿಂಗಳಿಗೆ ಇಷ್ಟು ಅಂತ ಎತ್ತಿಡಿ, ಟಿಂಕರಿಂಗ್ ಮತ್ತು ಪೇಂಟಿಗೆ ಕೈ ಹಾಕೋ ಮುಂಚೆ ಇದನ್ನ ಲೆಕ್ಕಕ್ಕೆ ತಗೊಳ್ಳಿ. ಆ ಖರ್ಚು ಕೂಡಿದ ಮೇಲೂ ಇಟ್ಕೊಳ್ಳೋದೇ ಅಂತಾದ್ರೆ, ಮ್ಯಾಟ್ ಎತ್ತಿ ನೆಲದ ಶೀಟ್ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಒಳಗೆ ಹೋದ್ರೆ ಎಂಜಿನ್ ಕೆಲಸಕ್ಕಿಂತ ಅದು ಮೊದಲು.

ಗುತ್ತಲು ರಸ್ತೆ:
ನೆಲ ಗಟ್ಟಿ ಇದೆ. ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಇಲ್ಲ. 3.1 ಓಮ್ಸ್ ಕಾಯಿಲ್ ಅಂಗಡೀಲೇ ಅಳೆದು ತಂದೆ, ಪಾಯಿಂಟ್, ಕಂಡೆನ್ಸರ್, ಆರ್9 ಪೈಪ್ ಎರಡು ಮೀಟರ್, ಕ್ಲಿಪ್ ಎಲ್ಲ ಹಾಕಿದ್ದಾಯ್ತು. ಹಳೇ ಪಾಯಿಂಟಿನಲ್ಲಿ ನೀವು ಹೇಳಿದ ಹಾಗೇ ಗುಳಿ ಇತ್ತು. ಮೈಸೂರಲ್ಲಿ ಮಧ್ಯಾಹ್ನ ಒಂದು ಗಂಟೆ ಓಡಿಸಿದ್ರೂ ನಿಂತಿಲ್ಲ, ಕಾಯಿಲ್ ಮೇಲೆ ಕೈ ಇಡಬಹುದು. 8,000ದಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಅದು ಬ್ರೇಕಿಗೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಉಳಿದಿರೋದು: ಹೊಗೆ ಟೆಸ್ಟ್‌ನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) 4.2 ಪರ್ಸೆಂಟ್ ಬಂದು ಫೇಲ್ ಆಯ್ತು.

ಟೆಸ್ಟ್ ಲ್ಯಾಂಪ್:
ಈ ವರ್ಷದ ಗಾಡಿಗೆ ಮಿತಿ 3 ಪರ್ಸೆಂಟ್. ಏರ್ ಫಿಲ್ಟರ್ ಕೊಳೆ ಇದ್ರೆ ಮೊದಲು ಅದು. ಚೋಕ್ ಕೇಬಲ್ ಪೂರ್ತಿ ವಾಪಸ್ ಹೋಗ್ತಿದೆಯಾ ಕಾರ್ಬ್ಯುರೇಟರ್ ಬಾಯಲ್ಲೇ ನೋಡಿ, ತಟ್ಟೆ ನೆಟ್ಟಗೆ ನಿಂತಿರಬೇಕು. ಪಕ್ಕದ ಗಾಜಿನ ಕಿಂಡಿಯಲ್ಲಿ ಪೆಟ್ರೋಲ್ ಮಟ್ಟ ನಡುವೆ ಇರಬೇಕು, ಮೇಲಿದ್ರೆ ನೀಡಲ್ ವಾಲ್ವ್ ಸರಿಯಾಗಿ ಕೂರ್ತಿಲ್ಲ. ಇವೆಲ್ಲ ಸರಿ ಇದ್ದೂ ಸಿಒ ಇಳೀದಿದ್ರೆ ಮಾತ್ರ ಮಿಕ್ಸ್ಚರ್ ಸ್ಕ್ರೂ ಮುಟ್ಟಿ. ಎಂಜಿನ್ ಪೂರ್ತಿ ಬಿಸಿ ಇರಲಿ. ಈಗ ಎಷ್ಟು ಸುತ್ತು ಹೊರಗಿದೆ ಅಂತ ಎಣಿಸ್ಕೊಂಡು ಮೃದುವಾಗಿ ಪೂರ್ತಿ ಒಳಗೆ ಕೂರಿಸಿ, ಬಿಗಿದ್ರೆ ತುದಿ ಕೆಡುತ್ತೆ. ಅಷ್ಟೇ ಸುತ್ತು ವಾಪಸ್ ತಂದು, ಕಾಲು ಕಾಲು ಸುತ್ತು ಒಳಗೆ ತಿರುಗಿಸ್ತಾ ಹೋಗಿ. ಎಂಜಿನ್ ಶಬ್ದ ಒರಟಾದ ಕಡೆ ನಿಲ್ಲಿಸಿ ಕಾಲು ಸುತ್ತು ಹೊರಗೆ, ಐಡ್ಲಿಂಗ್ 900ಕ್ಕೆ ತನ್ನಿ. ಹತ್ತು ಕಿಲೋಮೀಟರ್ ಓಡಿಸಿ, ಗಾಡಿ ಬಿಸಿ ಇರುವಾಗಲೇ ಟೆಸ್ಟಿಗೆ ನಿಲ್ಲಿಸಿ.